ಅರವತ್ತೊಂದನೇ ನಂಬರಿನವಳು

ಜುಲೈ 4

ಪುಟ್ಟಿ,

ತಲುಪಿದೆ. ರೂಮು ಸಿಕ್ಕಿದೆ, ಮಂಚ ಸಿಕ್ಕಿದೆ, ನಲ್ಲಿಯಲ್ಲಿ ನೀರು ಬರುತ್ತದೆ. ನೀನು ಕೇಳುವುದು ಇದನ್ನೇ ಎಂದು ಇದನ್ನೇ ಮೊದಲು ಬರೆದೆ. ಹಾಸ್ಟೆಲ್ಲಿನ ಫೋನು ವಾರ್ಡನ್ ಕೋಣೆಯಲ್ಲಿದೆ. ಮೂರು ನಿಮಿಷ ಆಗುತ್ತಲೇ ಅವರು ಕೆಮ್ಮುತ್ತಾರಂತೆ. ಆದ್ದರಿಂದ ಕಾಗದವೇ ಸರಿ.

ಈ ಊರಿನ ತಲೆಬುಡ ನನಗೆ ತಿಳಿಯುತ್ತಿಲ್ಲ. ಬೀದಿಯಲ್ಲಿ ಕಾಣುವವರೆಲ್ಲ ಹದಿನೆಂಟು, ಇಪ್ಪತ್ತರ ಮಕ್ಕಳು. ಉಳಿದವರೆಂದರೆ ಆ ಮಕ್ಕಳಿಗೆ ಊಟ ಹಾಕುವವರು, ಸೈಕಲ್ ರಿಪೇರಿ ಮಾಡುವವರು, ನೋಟ್ಸು ಜೆರಾಕ್ಸ್ ಮಾಡಿಕೊಡುವವರು. ನಲವತ್ತಮೂರು ವರ್ಷದ ಹೆಂಗಸು ಹೆಗಲಿಗೆ ಬ್ಯಾಗು ಹಾಕಿಕೊಂಡು ನಡೆದರೆ ಮೊದಲು ದಾರಿ ಬಿಡುತ್ತಾರೆ, ಆಮೇಲೆ ತಿರುಗಿ ನೋಡುತ್ತಾರೆ. ಹಾಸ್ಟೆಲ್ಲಿನಿಂದ ಕಾಲೇಜಿಗೆ ಹತ್ತು ನಿಮಿಷದ ದಾರಿ. ನಿನ್ನೆ ನನಗೆ ನಲವತ್ತು ನಿಮಿಷ ಹಿಡಿಯಿತು. 'ಜೆರಾಕ್ಸ್ ಅಂಗಡಿ ಹತ್ತಿರ ಎಡಕ್ಕೆ ತಿರುಗಿ' ಎಂದು ವಾರ್ಡನ್ ಹೇಳಿದ್ದರು. ಆ ಬೀದಿಯಲ್ಲಿ ಒಂಬತ್ತು ಜೆರಾಕ್ಸ್ ಅಂಗಡಿಗಳಿವೆ, ಎಣಿಸಿದೆ.

ಕಾಲೇಜಿನ ಕಟ್ಟಡಗಳಿಗೆ ಎ, ಬಿ, ಸಿ, ಡಿ ಎಂದು ಹೆಸರು. ಆದರೆ ಎ ಪಕ್ಕದಲ್ಲಿ ಡಿ ಇದೆ, ಡಿ ಹಿಂದೆ ಬಿ. ಸಿ ಎಲ್ಲಿದೆ ಎಂದು ಗೇಟಿನ ಕಾವಲುಗಾರರನ್ನು ಕೇಳಿದೆ. ಅವರು ಎದ್ದು ನಿಂತು, "ಹೊಸದಾಗಿ ಸೇರಿದ್ರಾ ಮೇಡಂ? ಸ್ಟಾಫ್ ರೂಮು ಮೇಲೆ," ಎಂದರು. ನಾನು ಓದಲು ಬಂದವಳು ಎಂದು ಹೇಳಲು ನಾಚಿಕೆಯಾಗಿ ಮೇಲೆ ಹತ್ತಿ ಹೋದೆ. ಅವರು ಕೂತ ಮೇಲೆ ಇಳಿದು ಬಂದೆ.

ಆಫೀಸಿನ ಗುಮಾಸ್ತರು ಕಾಗದ ನೋಡಿ, "ನಿಮ್ದು ಅನುಭವದ ಸೀಟು. ಸ್ಕೂಲ್ ಲ್ಯಾಬಲ್ಲಿ ಇಪ್ಪತ್ತೆರಡು ವರ್ಷ ಅಟೆಂಡರ್ ಆಗಿದ್ರಿ ಅಂತ ಕೊಟ್ಟಿರೋದು. ಒಬ್ರಿಗೆ ಒಂದೇ ಸಲ ಇದು. ನಿಮ್ಮಿಂದ ಸ್ವಲ್ಪ ಜಾಸ್ತಿನೇ ಬಯಸ್ತಾರೆ, ನೋಡ್ಕೊಳ್ಳಿ," ಎಂದರು. ತರಗತಿಯಲ್ಲಿ ಅರವತ್ತು ಜನ ಇದ್ದರು. ನನ್ನ ನಂಬರು ಅರವತ್ತೊಂದು. ಪಟ್ಟಿಯ ಕೊನೆಯಲ್ಲಿ ಪೆನ್ನಿನಿಂದ ಬರೆದರು.

ಬಿಳಿ ಕೋಟು ಹೊಲಿಯುವವರು ಅಳತೆ ತೆಗೆದುಕೊಂಡಿದ್ದಾರೆ, ಮುಂದಿನ ತಿಂಗಳು ಕೊಡುತ್ತಾರಂತೆ. ಅಲ್ಲಿಯವರೆಗೆ ನನ್ನ ನೀಲಿ ಕೋಟು ಇದೆಯಲ್ಲ. ಸ್ಕೂಲಿನದು ತಂದದ್ದು ಒಳ್ಳೆಯದಾಯಿತು.

ನಿಮ್ಮಪ್ಪ ಏನಂದರು? ಬಸ್ಸು ಹತ್ತಿಸುವಾಗಲೂ ಬಾಯಿಗೆ ಬೀಗ ಹಾಕಿಕೊಂಡೇ ಇದ್ದರು.

ಅಮ್ಮ

ಜುಲೈ 12

ಅಮ್ಮ,

ನಿನ್ನ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಒಂಬತ್ತು ಜೆರಾಕ್ಸ್ ಅಂಗಡಿಯ ಹತ್ತಿರ ಬಂದಾಗ ಮೂಗಿನಲ್ಲಿ ಒಂದು ಶಬ್ದ ಮಾಡಿದರು. ನಕ್ಕರೋ ಸಿಟ್ಟಾದರೋ ಗೊತ್ತಾಗಲಿಲ್ಲ. ಯೂನಿಫಾರ್ಮ್ ಹಾಕಿಕೊಂಡು ಬಸ್ ಡಿಪೋಗೆ ಹೋದರು. ಈಗ ಅವರ ಯೂನಿಫಾರ್ಮ್ ಅವರೇ ಒಗೆದುಕೊಳ್ಳುತ್ತಿದ್ದಾರೆ. ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ, ಹಾಗೆ ಮೊದಲ ವಾರ ಪರದೆಗಳನ್ನೂ ಬಿಡಲಿಲ್ಲ.

ನನ್ನ ಟೈಪಿಂಗ್ ಕ್ಲಾಸು ಚೆನ್ನಾಗಿದೆ. ಅದರಲ್ಲಿ ಬರೆಯುವಂಥದ್ದು ಏನಿಲ್ಲ.

ನಿನ್ನ ಸ್ಕೂಲಿನ ವಿಜ್ಞಾನದ ಮೇಷ್ಟ್ರು ದಾರಿಯಲ್ಲಿ ಸಿಕ್ಕಿದ್ದರು. ಗಾಜಿನ ಸಾಮಾನಿನ ಬೀರುವಿನ ಬೀಗದ ಕೈ ಎಲ್ಲಿದೆ ಎಂದು ಕೇಳಿದರು. ಸಿಕ್ಕಾಗ ಹೇಳುತ್ತೇನೆ ಅಂದೆ. ಬೇಗ ಬರೆ.

ನಿನ್ನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಂಡಿಲ್ಲ. ಹೆಡ್‌ಮಾಸ್ಟರು ಹೇಳಿದ ಒಂದು ವರ್ಷದ ರಜೆಯ ಮಾತು ಹಾಗೇ ಇದೆ. ನೀನು ಅದರ ಯೋಚನೆ ಬಿಡು.

ಪುಟ್ಟಿ

ಜುಲೈ 20

ಪುಟ್ಟಿ,

ಬೀಗದ ಕೈ ಬಾಗಿಲ ಹಿಂದಿನ ಮೊಳೆಯಲ್ಲಿ ಇದೆ. ಇಪ್ಪತ್ತೆರಡು ವರ್ಷ ಅಲ್ಲೇ ನೇತುಹಾಕಿದ್ದೇನೆ. ಅಷ್ಟು ವರ್ಷ ಅದೇ ಕೋಣೆಯಲ್ಲಿ ಪಾಠ ಮಾಡಿದ ಮೇಷ್ಟ್ರಿಗೆ ಅದು ಕಾಣಲಿಲ್ಲವೇ?

ಕೆಮಿಸ್ಟ್ರಿ ಪ್ರಾಕ್ಟಿಕಲ್ ಶುರುವಾಗಿದೆ, ವಾರಕ್ಕೆ ಎರಡು. ಮೊದಲ ದಿನ ದಾರಿ ತಪ್ಪುವ ಭಯಕ್ಕೆ ಒಂದು ಗಂಟೆ ಮೊದಲೇ ಹೊರಟೆ. ಅವತ್ತೇ ದಾರಿ ತಪ್ಪಲಿಲ್ಲ. ಲ್ಯಾಬಿನ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಕಳೆದ ವರ್ಷದ ಮಕ್ಕಳು ತೊಳೆಯದೆ ಬಿಟ್ಟ ಟೆಸ್ಟ್ ಟ್ಯೂಬುಗಳು ಸಿಂಕಿನ ತುಂಬ. ಅದನ್ನು ನೋಡಿಕೊಂಡು ಸುಮ್ಮನೆ ಹೇಗೆ ಕೂರಲಿ? ಬ್ರಶ್ಶು ಹುಡುಕಿದೆ, ಎಲ್ಲ ತೊಳೆದೆ, ಸ್ಟ್ಯಾಂಡಿನಲ್ಲಿ ತಲೆಕೆಳಗಾಗಿ ನಿಲ್ಲಿಸಿದೆ. ಒಂದೊಂದು ಮೇಜಿಗೂ ಆರಾರು ಇಟ್ಟೆ. ಅಷ್ಟರಲ್ಲಿ ಪ್ರಾಕ್ಟಿಕಲ್ ಮೇಡಂ ಬಂದರು. ನನಗಿಂತ ಚಿಕ್ಕವರು. ಮೇಜುಗಳನ್ನು ನೋಡಿ ನಿಂತುಬಿಟ್ಟರು.

"ಅಬ್ಬ, ಕಡೆಗೂ ಒಬ್ರು ಕೆಲಸ ಗೊತ್ತಿರೋರು ಬಂದ್ರಲ್ಲ," ಎಂದರು. ಅನುಭವದ ಸೀಟಿನ ವಿಷಯ ಆಫೀಸಿನವರು ಅವರಿಗೆ ಹೇಳಿರಬೇಕು. "ಸ್ಟೋರ್ ರೂಮಿನ ಬೀಗದ ಕೈ ನಿಮ್ಮ ಹತ್ರಾನೇ ಇರ್ಲಿ," ಎಂದು ಕೊಟ್ಟೂಬಿಟ್ಟರು. ಅರವತ್ತು ಮಕ್ಕಳಲ್ಲಿ ಯಾರಿಗೂ ಕೊಡಲಿಲ್ಲ, ನನಗೆ ಕೊಟ್ಟರು. ಗುಮಾಸ್ತರು ಜಾಸ್ತಿ ಬಯಸುತ್ತಾರೆ ಅಂದದ್ದು ಇದನ್ನೇ ಇರಬೇಕು.

ತರಗತಿಯ ಪಾಠ ಮಾತ್ರ ಕಷ್ಟ. ಪಾಠದ ಮೇಷ್ಟ್ರು ಬೋರ್ಡಿನ ಕಡೆ ಮುಖ ಮಾಡಿ ಮಾತಾಡುತ್ತಾರೆ. ನಾನು ಒಂದು ಸಾಲು ಬರೆಯುವಷ್ಟರಲ್ಲಿ ಮೂರು ಒರೆಸಿರುತ್ತಾರೆ. ಲ್ಯಾಬಿಗೆ ಬಂದರೆ ಉಸಿರು ಬರುತ್ತದೆ.

ನಿಮ್ಮಪ್ಪ ಒಂದು ಸಾಲು ಬರೆದರೆ ಕೈ ಸವೆಯುತ್ತದೆಯೇ, ಕೇಳು.

ಅಮ್ಮ

ಆಗಸ್ಟ್ 2

ಅಮ್ಮ,

ಮೇಡಂ ನಿನ್ನನ್ನು ಬಲಗೈ ಮಾಡಿಕೊಂಡಿದ್ದಾರೆ ಎಂದು ಓದಿ ಎಷ್ಟು ಖುಷಿಯಾಯಿತೆಂದರೆ, ಅಪ್ಪನಿಗೆ ಎರಡು ಸಲ ಓದಿ ಹೇಳಿದೆ. ಎರಡನೆಯ ಸಲ, "ಸ್ಟೋರ್ ಕೀ ಯಾಕೆ ಕೊಟ್ರು?" ಎಂದರು. "ನಂಬಿಕೆ ಅಪ್ಪ," ಅಂದೆ. ಕೈ ಸವೆಯುತ್ತದೆಯೇ ಎಂದು ಕೇಳಿದೆ. ತಮ್ಮ ಕೈ ನೋಡಿಕೊಂಡರು ಅಷ್ಟೆ.

ಮೊಳೆಯಲ್ಲಿ ಬೀಗದ ಕೈ ಇಲ್ಲ. ಮೊಳೆ ಇದೆ. ಕಿಟಕಿಯ ಮೇಲೆ, ಆಸಿಡ್ ಶೀಶೆಗಳ ಹಿಂದೆ, ಮೇಜಿನ ಡ್ರಾಯರಿನಲ್ಲಿ, ಎಲ್ಲೂ ಇಲ್ಲ. ಮೇಷ್ಟ್ರು ಹೇಳಿದ್ದು ಇದೆಲ್ಲ.

ಇನ್ನೊಂದು ಕೇಳಿದರು. ನೇರಳೆ ಬಣ್ಣದ ದ್ರಾವಣ ಇಟ್ಟ ಫ್ಲಾಸ್ಕುಗಳಲ್ಲಿ ಕಂದು ಕಲೆ ಉಳಿದಿದೆ, ಎಷ್ಟು ಉಜ್ಜಿದರೂ ಹೋಗುವುದಿಲ್ಲ, ನೀನು ಏನು ಹಾಕುತ್ತಿದ್ದೆ ಎಂದು. ಮತ್ತೆ ಇದು ಅವರು ಕೇಳಿದ್ದಲ್ಲ, ನಾನು ಕೇಳುತ್ತಿರುವುದು: ಕೈಯ ಚರ್ಮ ಒಡೆದರೆ ನೀನು ಏನು ಹಚ್ಚುತ್ತಿದ್ದೆ?

ಪುಟ್ಟಿ

ಆಗಸ್ಟ್ 11

ಪುಟ್ಟಿ,

ಕಂದು ಕಲೆಗೆ ನಿಂಬೆರಸ ಹಾಕಿ ಅರ್ಧ ಗಂಟೆ ಬಿಡಬೇಕು. ಉಜ್ಜಬಾರದು, ಗಾಜು ಗೀರುತ್ತದೆ. ಕೈಗೆ ಮಲಗುವ ಮುಂಚೆ ಎಣ್ಣೆ ಹಚ್ಚಿ ಹಳೆಯ ಕಾಲುಚೀಲ ಹಾಕಿಕೊಳ್ಳುತ್ತಿದ್ದೆ, ನೋಡಿ ನಗುತ್ತಿದ್ದೆಯಲ್ಲ. ಟೈಪಿಂಗ್ ಮಾಡಿದರೆ ಕೈ ಒಡೆಯುತ್ತದೆಯೇ? ಆ ಮೆಷಿನ್ ಎಂಥದ್ದು? ಕ್ಲಾಸಿನವರಿಗೆ ಹೇಳು.

ಬೀಗದ ಕೈ ಮೊಳೆಯಲ್ಲೇ ಇರಬೇಕು. ಇನ್ನೊಮ್ಮೆ ನೋಡಲು ಹೇಳು.

ಇಲ್ಲಿ ಎಲ್ಲ ಹೇಗೆ ನಡೆಯುತ್ತಿದೆ ಎಂದು ನನಗೆ ಸರಿಯಾಗಿ ಗೊತ್ತಾಗುತ್ತಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿದೆ ಇಲ್ಲಿಯವರ ಮಾತು. ಪ್ರಾಕ್ಟಿಕಲ್ ದಿನ ಮೇಡಂ ಬೆಳಿಗ್ಗೆಯೇ ಚೀಟಿ ಕೊಡುತ್ತಾರೆ, ಅವತ್ತಿನ ಸಾಮಾನಿನ ಪಟ್ಟಿ. ಸ್ಟೋರಿನಿಂದ ತೆಗೆದು, ದ್ರಾವಣ ಬೆರೆಸಿ ಇಡುತ್ತೇನೆ. ಅವರು ಹಾಜರಿ ಕೂಗುವಾಗ ನಾನು ಒಳಕೋಣೆಯಲ್ಲಿ ಬ್ಯುರೆಟ್ ಕೊಳವೆ ತೊಳೆಯುತ್ತಿರುತ್ತೇನೆ. ಮಕ್ಕಳು ಪ್ರಯೋಗ ಮಾಡುವಾಗ ಒಬ್ಬೊಬ್ಬರಿಗೂ ಏನೋ ಬೇಕು. "ಅಕ್ಕ, ಇನ್ನೊಂದು ಬೀಕರ್." "ಅಕ್ಕ, ಇದು ಪಿಂಕ್ ಆಯ್ತು, ಸಾಕಾ?" ನೋಡಿ ಹೇಳುತ್ತೇನೆ. ಎಲ್ಲರೂ ಹೋದ ಮೇಲೆ ಉಳಿದ ದ್ರಾವಣದಲ್ಲಿ ನನ್ನ ಪ್ರಯೋಗ ನಾನು ಮಾಡಿಕೊಳ್ಳುತ್ತೇನೆ. ಅದೂ ಚೆನ್ನಾಗಿಯೇ ಇದೆ, ಗಲಾಟೆ ಇರುವುದಿಲ್ಲ. ಸ್ಕೂಲಿನಲ್ಲಿ ಬರೆದ ಹಾಗೆ ಇಲ್ಲೂ ಒಂದು ಪುಸ್ತಕ ಇಟ್ಟಿದ್ದೇನೆ: ಯಾವ ಮೇಜಿಗೆ ಏನು ಕೊಟ್ಟೆ, ಏನು ಒಡೆಯಿತು, ಯಾರಿಗೆ ಎಷ್ಟು ರೀಡಿಂಗ್ ಬಂತು, ನನಗೆ ಎಷ್ಟು ಬಂತು.

ಆದರೆ ಮೊನ್ನೆ ಮೇಡಂ, "ಏನಮ್ಮಾ, ಮೂರನೇ ಮೇಜು ಒರೆಸಿಲ್ಲ," ಎಂದರು. ಮಕ್ಕಳನ್ನು ಅವರು ಹಾಗೆ ಕರೆಯುವುದಿಲ್ಲ. ವಯಸ್ಸಿಗೆ ಮರ್ಯಾದೆ ಇರಬಹುದು. ಒರೆಸಿದೆ.

ಬಿಳಿ ಕೋಟು ಬಂದಿದೆ. ಎಷ್ಟು ಬೆಳ್ಳಗಿದೆ ಎಂದರೆ ಹಾಕಿಕೊಂಡು ಕೆಲಸ ಮಾಡಲು ಮನಸ್ಸು ಬರುವುದಿಲ್ಲ. ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಪರೀಕ್ಷೆಗೆ ಹಾಕಿಕೊಳ್ಳುತ್ತೇನೆ.

ಅಮ್ಮ

ಆಗಸ್ಟ್ 22

ಅಮ್ಮ,

ನಿಂಬೆರಸಕ್ಕೆ ಕಲೆ ಹೋಯಿತು ಎಂದು ಮೇಷ್ಟ್ರು ಹೇಳಿದರು. ಕನ್ನಡಿಯ ಹಾಗೆ ಆಯಿತಂತೆ.

ಬೀಗದ ಕೈ ಸಿಗದೆ ಬೀರುವಿನ ಬೀಗ ಒಡೆಸಿದರು. ಬೀಗ ಒಡೆಯುವವರು ಬಂದು, "ಇಷ್ಟು ಗಟ್ಟಿ ಬೀಗ ಹಾಕಿದ್ದೀರಲ್ಲ, ಒಳಗೆ ಚಿನ್ನ ಇಟ್ಟಿದ್ರಾ?" ಎಂದರಂತೆ. ಒಳಗೆ ನೀನು ಜೋಡಿಸಿಟ್ಟ ಗಾಜಿನ ಸಾಲುಗಳನ್ನು ನೋಡಿ ನಾನು, ಮೇಷ್ಟ್ರು, ಎಲ್ಲರೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದೆವಂತೆ. ಅವರು ಹೇಳಿದ್ದು.

ನೀನು ಅಲ್ಲಿ ಅರ್ಧ ಮೇಡಂ ಆಗಿಬಿಟ್ಟಿದ್ದೀಯ ಅಂತ ನನಗೆ ಅನ್ನಿಸುತ್ತದೆ. ಮಕ್ಕಳು ನಿನ್ನನ್ನೇ ಕೇಳುತ್ತಾರೆ ಎಂದರೆ ಏನರ್ಥ? ನೀನು ಸುಮ್ಮನೆ ಗೊಂದಲ ಮಾಡಿಕೊಳ್ಳುತ್ತೀಯ. ಅಪ್ಪ ಮಾತ್ರ ಕಾಗದ ಓದಿದ ಮೇಲೆ, "ಬಿಳಿ ಕೋಟು ಯಾಕೆ ಹಾಕ್ಕೊಳಲ್ವಂತೆ?" ಎಂದು ಕೇಳಿದರು. ನಾನು ಕೊಳೆಯಾಗುತ್ತದೆ ಎಂದು ಅಂದೆ. "ಕೊಳೆ ಆಗ್ಲಿ ಅಂತ ತಾನೆ ಕೋಟು," ಎಂದು ಟೋಪಿ ಹಾಕಿಕೊಂಡು ಹೋದರು. ಇದು ಈ ತಿಂಗಳಲ್ಲಿ ಅವರು ಆಡಿದ ಅತಿ ಉದ್ದದ ಮಾತು.

ಪುಟ್ಟಿ

ಸೆಪ್ಟೆಂಬರ್ 3

ಪುಟ್ಟಿ,

ಹೆಚ್ಚು ಬರೆಯಲು ಸಮಯವಿಲ್ಲ. ಆರೋಗ್ಯವಾಗಿದ್ದೇನೆ.

ಸ್ಕೂಲಿನಲ್ಲಿ ನನ್ನ ಜಾಗದಲ್ಲಿ ಈಗ ಯಾರಿದ್ದಾರೆ? ಸುಮ್ಮನೆ ಕೇಳಿದೆ. ನಿಜ ಬರೆ.

ಅಮ್ಮ

ಸೆಪ್ಟೆಂಬರ್ 9

ಅಮ್ಮ,

ನಿನಗೆ ಯಾರು ಹೇಳಿದರು? ವಿಜ್ಞಾನದ ಮೇಷ್ಟ್ರು ಬರೆದರೇ? ಬರೆಯುವುದಿಲ್ಲ ಎಂದು ನನಗೆ ಮಾತು ಕೊಟ್ಟಿದ್ದರು. ಅಥವಾ ನಾನೇ ಆ ನಿಂಬೆರಸದ ಕಾಗದದಲ್ಲಿ ಸಿಕ್ಕಿಬಿದ್ದೆನೋ ಏನೋ. ಬರೆದು ಹಾಕಿದ ಮೇಲೆ ಅನುಮಾನ ಬಂದಿತ್ತು.

ಹೌದು, ನಾನೇ ಇದ್ದೇನೆ. ನೀನು ಹೋದ ನಾಲ್ಕನೇ ದಿನದಿಂದ.

ಹೆಡ್‌ಮಾಸ್ಟರು ನನ್ನನ್ನು ಕರೆಸಿದ್ದರು. "ನೋಡಮ್ಮ, ಹೊಸಬ್ರನ್ನ ತಗೊಂಡ್ರೆ ಒಂದು ವರ್ಷ ಆದ್ಮೇಲೆ ಹೋಗಿ ಅಂತ ಹೇಳಕ್ಕಾಗಲ್ಲ. ನಿಮ್ಮ ಮನೆಯವ್ರೇ ಯಾರಾದ್ರೂ ನೋಡ್ಕೊಂಡ್ರೆ ನಿಮ್ಮಮ್ಮನ ಜಾಗ ಹಾಗೇ ಉಳಿಯುತ್ತೆ," ಎಂದರು. ನಿನಗೆ ಅಲ್ಲಿ ಹೊಂದಿಕೆಯಾಗದಿದ್ದರೆ ವಾಪಸ್ ಬರಲು ಒಂದು ಜಾಗ ಇರಲಿ ಎಂದು ಒಪ್ಪಿಕೊಂಡೆ. ಟೈಪಿಂಗ್ ಕ್ಲಾಸು ಬಿಟ್ಟಿದ್ದೇನೆ. ಬೆಳಗಿನ ಹೊತ್ತು ಎರಡೂ ಆಗುವುದಿಲ್ಲ. ಅಪ್ಪನಿಗೆ ಗೊತ್ತು. ನಿನಗೆ ಬರೆಯಬೇಡಿ ಎಂದು ನಾನೇ ಕೇಳಿಕೊಂಡೆ. ಬರೆದರೆ ಸುಳ್ಳು ಬರೆಯಬೇಕು, ಅದಕ್ಕೇ ಅವರು ಒಂದು ಸಾಲೂ ಬರೆದಿಲ್ಲ.

ಹೆದರಬೇಡ, ಕೆಲಸ ಚೆನ್ನಾಗಿ ಮಾಡುತ್ತಿದ್ದೇನೆ. ಮೊದಲ ವಾರ ಹನ್ನೊಂದು ಟ್ಯೂಬ್ ಒಡೆದೆ, ಈಗ ಒಂದೂ ಇಲ್ಲ. ಮೊನ್ನೆ ಹೆಡ್‌ಮಾಸ್ಟರು ಎಲ್ಲರ ಎದುರಿಗೆ, "ತಾಯಿಗಿಂತ ಚೆನ್ನಾಗಿ ತೊಳೀತಾಳೆ. ಇನ್ನು ಇಪ್ಪತ್ತು ವರ್ಷ ಈ ಲ್ಯಾಬಿನ ಯೋಚನೆ ಇಲ್ಲ," ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಯಾಕೋ ಊಟ ಸೇರಲಿಲ್ಲ.

ಒಂದು ಉಪಕಾರ ಮಾಡು. ನಿನ್ನ ಬಿಳಿ ಕೋಟು ಬಂದಿದೆಯಲ್ಲ, ನೀಲಿ ಕೋಟು ಕಳಿಸು. ನನ್ನ ಎರಡು ಬಟ್ಟೆಗೆ ಆಸಿಡ್ ಬಿದ್ದು ತೂತಾಗಿದೆ.

ಬಯ್ಯಬೇಡ.

ಪುಟ್ಟಿ

ಸೆಪ್ಟೆಂಬರ್ 17

ಪುಟ್ಟಿ,

ನನಗೆ ಯಾರೂ ಹೇಳಲಿಲ್ಲ. ನಾನು ಕೇಳಿದ್ದು ಬೇರೆಯದೇ ಕಾರಣಕ್ಕೆ. ವಾಪಸ್ ಬಂದುಬಿಡೋಣ ಎಂದು ಕೇಳಿದ್ದೆ. ಈಗ ಎಲ್ಲವನ್ನೂ ಇದ್ದ ಹಾಗೆ ಬರೆಯುತ್ತೇನೆ, ನಿಮ್ಮಪ್ಪನಿಗೂ ಓದಿ ಹೇಳು.

ಸೆಪ್ಟೆಂಬರ್ ಒಂದರಂದು ಬಿ ಕಟ್ಟಡದ ಗೋಡೆಗೆ ಹಾಜರಿ ಪಟ್ಟಿ ಅಂಟಿಸಿದ್ದರು. ನನ್ನ ನಂಬರಿನ ಮುಂದೆ ಪಾಠಕ್ಕೆಲ್ಲ ಸರಿಯಾಗಿ ಇತ್ತು. ಪ್ರಾಕ್ಟಿಕಲ್ ಎಂಬಲ್ಲಿ, ನಡೆದದ್ದು ಹದಿನಾಲ್ಕು, ಹಾಜರಿ ಸೊನ್ನೆ. ಬೇರೆ ಯಾರದೋ ಸಾಲು ಓದುತ್ತಿದ್ದೇನೆ ಎಂದು ಬೆರಳಿಟ್ಟು ನೋಡಿದೆ. ನನ್ನದೇ. ಈ ಅವಧಿಗೆ ಒಟ್ಟು ನಲವತ್ತು ಪ್ರಾಕ್ಟಿಕಲ್, ಮೂವತ್ತಕ್ಕೆ ಹಾಜರಿರಲೇಬೇಕು. ಹದಿನಾಲ್ಕು ಹೋದರೆ ಉಳಿಯುವುದು ಇಪ್ಪತ್ತಾರು. ಪರೀಕ್ಷೆಗೆ ಕೂರಿಸುವುದಿಲ್ಲ. ಅನುಭವದ ಸೀಟು ಒಂದೇ ಸಲ ಕೊಡುವುದು.

ನಾನು ಒಂದು ದಿನವೂ ತಪ್ಪಿಸಿಲ್ಲ, ಎಲ್ಲರಿಗಿಂತ ಮೊದಲು ಹೋಗಿ ಎಲ್ಲರಿಗಿಂತ ಕೊನೆಗೆ ಬಂದಿದ್ದೇನೆ. ಪಟ್ಟಿ ಬರೆದವರು ತಪ್ಪು ಮಾಡಿದ್ದಾರೆ ಎಂದುಕೊಂಡೆ. ಆಮೇಲೆ ಕೆಳಗೆ ನೋಡಿಕೊಂಡೆ. ಅರವತ್ತು ಬಿಳಿ ಕೋಟು ಪಟ್ಟಿ ನೋಡಲು ನಿಂತಿದ್ದವು, ನಡುವೆ ಒಂದು ನೀಲಿ. ಒಬ್ಬಳು ಹುಡುಗಿ, "ಅಕ್ಕ, ಸ್ವಲ್ಪ ಜರುಗ್ತೀರಾ, ಇದು ಸ್ಟೂಡೆಂಟ್ಸ್‌ದು," ಎಂದಳು. ಅವಳು ತಮಾಷೆಗೆ ಅಂದದ್ದಲ್ಲ. ಹದಿನಾಲ್ಕು ಸಲ ನಾನು ಅವಳಿಗೆ ಬೀಕರ್ ಕೊಟ್ಟಿದ್ದೇನೆ.

ಆಗ ಎಲ್ಲವೂ ಒಂದೇ ಸಲ ತಿಳಿಯಿತು. 'ಕೆಲಸ ಗೊತ್ತಿರೋರು' ಎಂದದ್ದು, ಸ್ಟೋರಿನ ಬೀಗದ ಕೈ, 'ಏನಮ್ಮಾ' ಎಂದದ್ದು, ಎಲ್ಲವೂ. ಆ ಲ್ಯಾಬಿನ ಹಳೆಯ ಅಟೆಂಡರ್ ಜೂನ್‌ನಲ್ಲಿ ನಿವೃತ್ತರಾಗಿದ್ದರಂತೆ. ಹೊಸಬರನ್ನು ಕಳಿಸಿ ಎಂದು ಮೇಡಂ ಬರೆದಿದ್ದರಂತೆ. ಕಳಿಸಿದ್ದಾರೆ ಎಂದುಕೊಂಡರು.

ನಿನಗೆ ನಗು ಬರಬಹುದು. ನನಗೆ ಎರಡು ದಿನ ಏನೂ ಬರಲಿಲ್ಲ. ಮೇಡಂಗೆ ಹೇಳಲೂ ಆಗಲಿಲ್ಲ. ಹೇಳಿದರೆ ಅವರಿಗೆ ಅವಮಾನವೋ ನನಗೆ ಅವಮಾನವೋ ತಿಳಿಯದೆ, ಮುಂದಿನ ಪ್ರಾಕ್ಟಿಕಲ್‌ಗೆ ಹೋಗಿ ಮತ್ತೆ ತೊಳೆದೆ. ನಿಜ ಹೇಳುತ್ತೇನೆ, ಇದು ನನಗೆ ಬರುವ ಕೆಲಸ, ಪಾಠ ನನಗೆ ಬರುವುದಿಲ್ಲ, ನನ್ನ ಜಾಗ ಇದೇ ಇರಬೇಕು ಎಂದೂ ಅನ್ನಿಸಿತು. ಅದಕ್ಕೇ ನಿನಗೆ ಮೂರು ಸಾಲು ಬರೆದು ಕೇಳಿದೆ, ಸ್ಕೂಲಿನ ಜಾಗ ಖಾಲಿ ಇದೆಯೇ ಎಂದು.

ನಿನ್ನ ಉತ್ತರ ಬಂತು. ಇನ್ನು ಇಪ್ಪತ್ತು ವರ್ಷ ಯೋಚನೆ ಇಲ್ಲ ಎಂದರಂತೆ. ಆ ಸಾಲನ್ನು ಎಷ್ಟು ಸಲ ಓದಿದೆನೋ. ನಾನು ಸೇರಿದಾಗಲೂ ಆರು ತಿಂಗಳಿಗೆ ಎಂದೇ ಸೇರಿದ್ದು. ನನಗೂ ಚಪ್ಪಾಳೆ ತಟ್ಟಿದ್ದರು.

ಮಾರನೆಯ ದಿನ ಮೇಡಂ ಮುಂದೆ ಹೋಗಿ ನಿಂತೆ. "ನಾನು ಅರವತ್ತೊಂದು, ಮೇಡಂ," ಎಂದೆ.

"ಏನು ಅರವತ್ತೊಂದು? ಬೀಕರಾ?" ಎಂದರು.

"ನಂಬರು. ಹಾಜರಿ ಪುಸ್ತಕದಲ್ಲಿ."

ಅವರು ಪುಸ್ತಕ ತೆರೆದರು, ಕೊನೆಯ ಹಾಳೆ ನೋಡಿದರು, ನನ್ನ ಮುಖ ನೋಡಿದರು, ಕೋಟು ನೋಡಿದರು. "ನೀವು ದಿನಾ ಇಲ್ಲೇ ಇದ್ರಿ, ನಂಗೊತ್ತು. ಆದ್ರೆ ಯಾರಾಗಿ ಇದ್ರಿ ಅಂತ ಬರೀಲಿ?" ಎಂದರು. ಆಮೇಲೆ, "ಒಂದು ಮಾತು ಹೇಳ್ಬಾರ್ದಿತ್ತಾ?" ಎಂದರು.

"ನೀವು ಕೇಳ್ಲಿಲ್ಲ ಮೇಡಂ. ನಂಗೂ ಗೊತ್ತಿರ್ಲಿಲ್ಲ," ಎಂದೆ. ಎರಡೂ ನಿಜ.

ನನ್ನ ಪುಸ್ತಕ ಕೊಟ್ಟೆ. ಒಂದೊಂದೇ ಹಾಳೆ ತಿರುಗಿಸಿದರು. ಮೂರನೇ ಮೇಜಿನವರು ರೀಡಿಂಗ್ ಪಕ್ಕದವರಿಂದ ನಕಲು ಮಾಡಿದ್ದು ಅದರಲ್ಲಿ ಗೊತ್ತಾಗಿ, "ಓಹೋ," ಎಂದರು. ಪಾಪ, ಆ ಮಕ್ಕಳು. ಅದನ್ನು ತೋರಿಸಬೇಕೆಂದು ನಾನು ಬರೆದಿರಲಿಲ್ಲ.

ಹಾಜರಿ ತಿದ್ದಲು ಅವರಿಗೆ ಅಧಿಕಾರವಿಲ್ಲ. ಪ್ರಿನ್ಸಿಪಾಲರ ಹತ್ತಿರ ಇಬ್ಬರೂ ಹೋದೆವು. ಅವರು ಒಂದು ದಾರಿ ಹೇಳಿದರು. ಇಪ್ಪತ್ತೆಂಟು ಮತ್ತು ಇಪ್ಪತ್ತೊಂಬತ್ತರಂದು, ಪಟ್ಟಿ ಹಾಕುವ ಮುಂಚಿನ ಆ ಹದಿನಾಲ್ಕು ಪ್ರಯೋಗಗಳನ್ನೂ ನಾನು ಒಬ್ಬಳೇ, ಬೇರೆ ಕಾಲೇಜಿನ ಒಬ್ಬ ಮೇಷ್ಟ್ರ ಎದುರು ಮಾಡಿ ತೋರಿಸಬೇಕು. ಬರೀ ಮಾಡಿದರೆ ಸಾಲದು, ಯಾಕೆ ಹಾಗಾಗುತ್ತದೆ ಎಂದು ಹೇಳಬೇಕು. ಹದಿನಾಲ್ಕೂ ಸರಿಯಾದರೆ ಹಾಜರಿ ಕೊಡುತ್ತಾರೆ. ಇಲ್ಲದಿದ್ದರೆ ಇಲ್ಲ. ಪಟ್ಟಿಯ ನಂತರ ನಾನು ನೀಲಿ ಕೋಟಿನಲ್ಲಿ ಕಳೆದವು ಹೇಗೂ ಹೋದವು. ಮಾಡುವುದು ನನಗೆ ಬರುತ್ತದೆ. ಯಾಕೆ ಎನ್ನುವುದೇ ನನ್ನ ತಲೆಯಲ್ಲಿ ಕಲಸಿಕೊಂಡು ಕೂತಿದೆ.

ಪಾರ್ಸೆಲ್ಲಿನಲ್ಲಿ ನೀಲಿ ಕೋಟು ಕಳಿಸಿದ್ದೇನೆ. ಒಗೆಯಲು ಜೇಬು ತಿರುಗಿಸಿದರೆ ಒಳಜೇಬಿನಲ್ಲಿ ಬೀರುವಿನ ಬೀಗದ ಕೈ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಒಂದು ತಿಂಗಳಿಗೂ ಹೆಚ್ಚು ನಿನ್ನ ಕೈಲಿ ಹುಡುಕಿಸಿದೆ, ಮೇಷ್ಟ್ರನ್ನು ಬೈದೆ. ಅದು ನನ್ನ ಎದೆಯ ಮೇಲೇ ಇತ್ತು.

ಕೋಟು ನೀನು ಹಾಕಿಕೊಳ್ಳುವುದಕ್ಕಲ್ಲ. ಅದು ಸ್ಕೂಲಿನದು, ಬೀಗದ ಕೈಯೊಂದಿಗೆ ಸ್ಕೂಲಿಗೆ ಕೊಡು. ಅದರ ಜೊತೆ ಒಂದು ಕಾಗದ ಇದೆ, ಅದನ್ನೂ ಹೆಡ್‌ಮಾಸ್ಟರಿಗೆ ಕೊಡು. ಅದು ನನ್ನ ರಾಜೀನಾಮೆ. ಇಪ್ಪತ್ತೊಂಬತ್ತರ ನಂತರ ಕೊಡೋಣ ಎಂದು ನೀನು ಅನ್ನುತ್ತೀಯ, ಗೊತ್ತು. ಬೇಡ, ಈಗಲೇ ಕೊಡು. ನನಗೆ ಜಾಗ ಇರುವವರೆಗೆ ನೀನು ಅಲ್ಲೇ ನಿಂತಿರುತ್ತೀಯ.

ಬೈದಿಲ್ಲ, ನೋಡು.

ಅಮ್ಮ

ಸೆಪ್ಟೆಂಬರ್ 25

ಅಮ್ಮ,

ಪಾರ್ಸೆಲ್ ಬಂತು. ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ರಾಜೀನಾಮೆ ಪತ್ರವನ್ನು ನಾನು ಕೊಡಲಿಲ್ಲ. ಬಿಸ್ಕತ್ತಿನ ಡಬ್ಬದಲ್ಲಿ ಇಟ್ಟುಬಿಟ್ಟೆ. ಇಪ್ಪತ್ತೊಂಬತ್ತು ಕಳೆಯಲಿ, ಒಂದು ವೇಳೆ ನಿನಗೆ ಆಗದಿದ್ದರೆ, ಅಲ್ಲೂ ಇಲ್ಲದೆ ಇಲ್ಲೂ ಇಲ್ಲದೆ ಏನು ಮಾಡುತ್ತೀಯ ಎಂದು ಯೋಚಿಸಿದೆ.

ನಿನ್ನೆ ಸ್ಕೂಲಿನಲ್ಲಿ ಫ್ಲಾಸ್ಕು ಜೋಡಿಸುತ್ತಿದ್ದೆ. ಬಾಗಿಲಲ್ಲಿ ಅಪ್ಪ. ಪೂರ್ತಿ ಯೂನಿಫಾರ್ಮ್, ಟೋಪಿ ಸಮೇತ. ಹೊರಗೆ ನೋಡಿದರೆ ಸ್ಕೂಲಿನ ಗೇಟಿನ ಮುಂದೆ ಅವರ ಬಸ್ಸು ನಿಂತಿದೆ, ಒಳಗೆ ಜನ ತುಂಬಿ ಕಿಟಕಿಯಿಂದ ಇಣುಕುತ್ತಿದ್ದಾರೆ. ಇಪ್ಪತ್ತು ವರ್ಷದಲ್ಲಿ ಒಂದು ನಿಮಿಷವೂ ತಡಮಾಡದ ಮನುಷ್ಯ. ಕಂಕುಳಲ್ಲಿ ಬಿಸ್ಕತ್ತಿನ ಡಬ್ಬ ಮತ್ತು ನೀಲಿ ಕೋಟು.

ಹೆಡ್‌ಮಾಸ್ಟರ ಕೋಣೆಗೆ ಹೋಗಿ ಮೂರನ್ನೂ ಮೇಜಿನ ಮೇಲೆ ಇಟ್ಟರು: ಕೋಟು, ಬೀಗದ ಕೈ, ಪತ್ರ. ಹೆಡ್‌ಮಾಸ್ಟರು ಓದಿ, "ಏನ್ರೀ ಇದು, ನಿಮ್ಮ ಮನೆಯವ್ರು ವಾಪಸ್ ಬರಲ್ವಾ? ಅಲ್ಲಿ ಪಾಸಾಗ್ತಾರೋ ಇಲ್ವೋ ಒಂದಿಷ್ಟು ದಿನ ನೋಡ್ಬಹುದಿತ್ತಲ್ಲ," ಎಂದರು.

ಅಪ್ಪ ಹೇಳಿದ್ದು ಇಷ್ಟು: "ರಿವರ್ಸ್ ಗೇರಲ್ಲಿ ಕೈ ಇಟ್ಕೊಂಡು ಗಾಡಿ ಮುಂದಕ್ಕೆ ಹೋಗಲ್ಲ ಸಾರ್."

ಆಮೇಲೆ ನನ್ನ ಕಡೆ ತಿರುಗಿ, "ನೀನು ತಿಂಗಳ ಕೊನೆವರೆಗೆ ಮಾಡು, ಅವ್ರಿಗೆ ತೊಂದ್ರೆ ಆಗ್ಬಾರ್ದು. ಒಂದನೇ ತಾರೀಕಿಂದ ನಿನ್ನ ಕ್ಲಾಸು," ಎಂದು ಹೋಗಿ ಬಸ್ಸು ಹತ್ತಿದರು. ಮನೆಯಲ್ಲಿ ನಾನು ಸಿಟ್ಟಾಗಿ ಕೇಳಿದೆ, ಅಮ್ಮನಿಗೆ ಆಗದಿದ್ದರೆ ಏನು ಗತಿ ಎಂದು. "ಆಗದಿದ್ರೆ ಮನೆಗೆ ಬರ್ತಾಳೆ. ಸ್ಕೂಲಿಗೆ ಯಾಕೆ ಹೋಗ್ಬೇಕು?" ಎಂದರು. ನನಗೆ ಅದು ಹೊಳೆದೇ ಇರಲಿಲ್ಲ.

ಕೆಳಗಿನ ಸಾಲು ಅವರ ಕೈಬರಹ. ಬರೆಯಲು ಅರ್ಧ ಗಂಟೆ ತೆಗೆದುಕೊಂಡರು.

ಪುಟ್ಟಿ

ಬಿಳಿ ಕೋಟು ಹಾಕಿಕೊಂಡು ಹೋಗು. ಕೊಳೆಯಾದರೆ ನಾನು ಒಗೆಯುತ್ತೇನೆ.

ಅಕ್ಟೋಬರ್ 6

ಪುಟ್ಟಿ,

ನಿಮ್ಮಪ್ಪನ ಸಾಲು ಇಪ್ಪತ್ತೆಂಟರ ಬೆಳಿಗ್ಗೆ ಸಿಕ್ಕಿತು. ಹೊಸ ಕೋಟಿನ ಜೇಬಿಗೆ ಹಾಕಿಕೊಂಡು ಹೋದೆ.

ಮೊದಲ ದಿನ ಎಂಟು ಪ್ರಯೋಗ, ಎರಡನೇ ದಿನ ಆರು. ಬೇರೆ ಕಾಲೇಜಿನ ಮೇಷ್ಟ್ರು ಕುರ್ಚಿ ಹಾಕಿಕೊಂಡು ಎದುರಿಗೇ ಕೂತಿದ್ದರು. ಮಾಡುವುದಕ್ಕೆ ತೊಂದರೆ ಇರಲಿಲ್ಲ. 'ಯಾಕೆ' ಎಂದು ಕೇಳಿದಾಗಲೆಲ್ಲ ಕೈಯಲ್ಲಿದ್ದುದನ್ನು ಕೆಳಗಿಟ್ಟು ಯೋಚಿಸಿ ಹೇಳಿದೆ. ಒಂಬತ್ತನೆಯದರಲ್ಲಿ ಪೂರ್ತಿ ನಿಂತುಹೋದೆ. ಬ್ಯುರೆಟ್ಟನ್ನು ನೀರಿನಲ್ಲಿ ತೊಳೆದ ಮೇಲೆ ಅದೇ ದ್ರಾವಣದಲ್ಲಿ ಇನ್ನೊಮ್ಮೆ ಯಾಕೆ ತೊಳೆಯಬೇಕು ಎಂದು ಕೇಳಿದರು. ಇಪ್ಪತ್ತೆರಡು ವರ್ಷ ತೊಳೆದಿದ್ದೇನೆ, ಯಾಕೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಆಮೇಲೆ ಹೇಳಿದೆ, "ಕೊಳವೆಯ ಗೋಡೆಗೆ ಅಂಟಿದ ನೀರು ದ್ರಾವಣಾನ ತೆಳ್ಳಗೆ ಮಾಡುತ್ತೆ ಸಾರ್. ಹಾಗೆ ತೊಳೀದೆ ಇದ್ದ ದಿನ ನಮ್ಮ ಸ್ಕೂಲಲ್ಲಿ ಎಲ್ಲ ಮಕ್ಕಳ ಲೆಕ್ಕಾನೂ ತಪ್ಪಾಗಿತ್ತು. ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೆ." ಅವರು ಮೇಡಂ ಕಡೆ ನೋಡಿದರು. ಇದು ಸರಿಯೋ ತಪ್ಪೋ ಎಂದು ಅವರಿಬ್ಬರ ಮುಖದಲ್ಲಿ ನನಗೆ ಓದಲು ಆಗಲಿಲ್ಲ.

ಐದು ದಿನ ಏನೂ ಹೇಳಲಿಲ್ಲ. ಕಣ್ಣು ಕಟ್ಟಿ ಕಾಡಿಗೆ ಬಿಟ್ಟ ಹಾಗಿತ್ತು. ಈ ಬೀದಿಯಲ್ಲಿ ನಡೆಯುವುದು ಕಲಿತಿದ್ದೇನೆ ಎಂದುಕೊಂಡಿದ್ದೆ, ಆ ಐದು ದಿನ ಮತ್ತೆ ಎರಡು ಸಲ ದಾರಿ ತಪ್ಪಿದೆ.

ನಿನ್ನೆ ಪ್ರಾಕ್ಟಿಕಲ್ ಇತ್ತು. ಹೋಗಬೇಕೋ ಬೇಡವೋ ತಿಳಿಯದೆ ಹೋದೆ. ಎಲ್ಲಿ ನಿಲ್ಲಬೇಕು ಎಂದೂ ತಿಳಿಯಲಿಲ್ಲ. ಹೊಸ ಅಟೆಂಡರ್ ಬಂದಿದ್ದಾರೆ, ಸಿಂಕಿನ ಹತ್ತಿರ ಅವರಿದ್ದರು. ಏಳನೇ ಮೇಜಿನ ಕೊನೆಯಲ್ಲಿ ಸ್ವಲ್ಪ ಜಾಗವಿತ್ತು, ಅಲ್ಲಿ ನಿಂತೆ. ಮೇಡಂ ಹಾಜರಿ ಕೂಗಿದರು. ಐವತ್ತೊಂಬತ್ತು, ಅರವತ್ತು. ಪುಸ್ತಕ ಮುಚ್ಚುತ್ತಾರೆ ಎಂದುಕೊಂಡೆ. ಹಾಳೆ ತಿರುಗಿಸಿದ ಸದ್ದು ಕೇಳಿತು.

"ಅರವತ್ತೊಂದು."

ಯಾರೂ ಉತ್ತರ ಕೊಡಲಿಲ್ಲ. ಯಾರಪ್ಪ ಅದು ಎಂದು ನಾನೂ ತಿರುಗಿ ನೋಡಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಇದ್ದೀನಿ ಮೇಡಂ," ಎಂದೆ.

"ಹಿಂದಿನ ಹದಿನಾಲ್ಕಕ್ಕೂ ಹಾಜರಿ ಬರ್ದಿದ್ದೀನಿ," ಎಂದು ಅವರು ಪೆನ್ನಿನ ಮುಚ್ಚಳ ಹಾಕಿದರು. ಅಷ್ಟೆ. ಪಾಠ ಶುರು ಮಾಡಿದರು.

ಪ್ರಯೋಗ ಮುಗಿದ ಮೇಲೆ ನನಗೆ ಗೊತ್ತಿಲ್ಲದೆಯೇ ಕೈ ಪಕ್ಕದವಳ ಟೆಸ್ಟ್ ಟ್ಯೂಬುಗಳ ಕಡೆ ಹೋಯಿತು. ಅವಳು, ಅವತ್ತು ಪಟ್ಟಿಯ ಮುಂದೆ ಜರುಗಿ ಎಂದಿದ್ದವಳೇ, ನನ್ನ ಕೈಯಿಂದ ಸ್ಟ್ಯಾಂಡು ತೆಗೆದುಕೊಂಡಳು. "ಅಕ್ಕ, ಇದು ನಂದು. ನಾನೇ ತೊಳೀತೀನಿ," ಎಂದಳು.

ಸಿಂಕಿನ ಹತ್ತಿರ ಹೋಗಿ ತೊಳೆದಳು. ಬ್ರಶ್ಶು ಹಿಡಿಯುವ ರೀತಿಯೇ ಸರಿಯಿಲ್ಲ. ಎರಡನೆಯ ಟ್ಯೂಬೇ ತಳ ಒಡೆಯಿತು.

ನಾನು ಕೈ ಕಟ್ಟಿಕೊಂಡು ನಿಂತೇ ಇದ್ದೆ. ನಿಮ್ಮಪ್ಪನಿಗೆ ಹೇಳು, ಆ ಹದಿನಾಲ್ಕಕ್ಕಿಂತ ಅದು ಕಷ್ಟವಾಯಿತು.

ಅಮ್ಮ